ಅವ್ವನ ರೈಲಿಗೆ ಗುಡ್ಡದ ಕಲ್ಲು

ಕಳೆದ ವರ್ಷ ಯುಗಾದಿ ಮುಗಿದ ಎಂಟು ದಿನಕ್ಕೆ ನಾನೂ ಅವ್ವನೂ ನವಲಗುಂದದ ಗುಡ್ಡ ಹತ್ತಿ ಇಳಿದೆವು. ಹೇಳಿಕೊಳ್ಳುವಂಥದ್ದು ಆ ದಿನ ಏನೂ ನಡೆಯಲಿಲ್ಲ. ಇಳಿಯುವಾಗ ಅವ್ವನ ಎಡಗಾಲಿನ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಅದಕ್ಕೊಂದು ಪಿನ್ನು ಚುಚ್ಚಿಕೊಂಡು, ಚಪ್ಪಲಿ ಮಾರಿದವನ ಮನೆತನವನ್ನೆಲ್ಲ ಬೈಯುತ್ತ ಬಸ್ ಸ್ಟ್ಯಾಂಡಿಗೆ ಬಂದಳು. ಅಲ್ಲಿ ಎರಡು ಕಪ್ ಚಹಾ, ಒಂದು ಪ್ಲೇಟ್ ಮಿರ್ಚಿ ಭಜಿ. ಮಿರ್ಚಿಯಲ್ಲಿ ಖಾರವೇ ಇಲ್ಲವೆಂದು ಹೋಟೆಲಿನವನಿಗೆ ಎರಡು ಮಾತು. ಮನೆಗೆ ಬಂದವಳೇ ಕೈಯಲ್ಲಿದ್ದ ವಾಯರಿನ ಚೀಲವನ್ನು ಬಾಗಿಲ ಹಿಂದೆ ಇಟ್ಟು, "ಇವತ್ತ ಸಾಕು, ನಾಳೆ ತೊಳಿತೇನಿ" ಎಂದಳು. ಚೀಲದಲ್ಲಿ ಗುಡ್ಡದಿಂದ ಆರಿಸಿ ತಂದ ಸಣ್ಣ ಸಣ್ಣ ಕಲ್ಲುಗಳಿದ್ದವು.

ಮರುದಿನ ಬೆಳಗ್ಗೆ ಅವ್ವ ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದಳು.

ಆ ಚೀಲ ಒಂದು ವರ್ಷ ಬಾಗಿಲ ಹಿಂದೆಯೇ ಇತ್ತು. ಮಾತಾಡಿಸಲು ಬಂದವರು ಅದನ್ನು ಬಗ್ಗಿ ನೋಡಿ, ಒಳಗೆ ಕಲ್ಲು ಕಂಡು, ನನ್ನ ಮುಖವನ್ನೊಮ್ಮೆ ನೋಡಿ ಸುಮ್ಮನಾಗುತ್ತಿದ್ದರು. ದುಃಖದಲ್ಲಿರುವವರನ್ನು ಕಲ್ಲು ಯಾಕೆ ಕೂಡಿಟ್ಟಿದ್ದೀರಿ ಎಂದು ಕೇಳುವುದು ಚೆನ್ನಾಗಿರುವುದಿಲ್ಲ. ನಾನೂ ಹೇಳಲಿಲ್ಲ. ಇದು ರೈಲ್ವೆಯ ಸಾಮಾನು ಎಂದಿದ್ದರೆ ಅವರು ಇನ್ನೂ ನಾಲ್ಕು ದಿನ ಹೆಚ್ಚು ಬಂದು ಮಾತಾಡಿಸಿ ಹೋಗುತ್ತಿದ್ದರು.

ನಿಮಗೆ ಹೇಳಬಹುದು. ಆದರೆ ನಿಮ್ಮೂರಲ್ಲಿ ಕಲ್ಲು ಸಿಗುತ್ತದೆ ಎಂದಾದರೆ ಮೊದಲು ನಮ್ಮ ನೆಲದ ವಿಷಯ ಹೇಳಬೇಕು. ನಮ್ಮದು ಶಲವಡಿ ಕಡೆಯ ಎರೆ ಭೂಮಿ. ಕಣ್ಣು ಹಾಯುವವರೆಗೆ ಕರಿ ಮಣ್ಣು. ಅದರಲ್ಲಿ ಹತ್ತಿ, ಕಡಲೆ, ಜೋಳ, ಗೋಧಿ ಎಲ್ಲ ಬೆಳೆಯುತ್ತದೆ, ಒಂದು ಹಿಡಿ ಕಲ್ಲು ಮಾತ್ರ ಹುಟ್ಟುವುದಿಲ್ಲ. ನಾಯಿ ಬೆನ್ನು ಹತ್ತಿದರೆ ಎತ್ತಿ ಒಗೆಯಲು ಮಣ್ಣಿನ ಹೆಂಟೆಯೇ ಗತಿ. ಅದು ನಾಯಿಗೆ ತಾಗುವ ಮೊದಲೇ ಪುಡಿಯಾಗುತ್ತದೆ. ನಮ್ಮೂರ ನಾಯಿಗಳಿಗೆ ಈ ಸಂಗತಿ ಗೊತ್ತಿದೆ.

ಈ ಮಣ್ಣಿಗೆ ಇನ್ನೊಂದು ಗುಣವಿದೆ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಕಟ್ಟಿದ ಮನೆಯೂ ಅದರ ಜೊತೆಗೇ ಏಳುತ್ತದೆ, ಕೂರುತ್ತದೆ. ಶ್ರಾವಣದಲ್ಲಿ ಇಬ್ಬರು ದೂಡಿದರೂ ಮುಚ್ಚದ ಬಾಗಿಲು ಶಿವರಾತ್ರಿಯ ಹೊತ್ತಿಗೆ ತಾನೇ ಮುಚ್ಚಿಕೊಳ್ಳುತ್ತದೆ. ನೆಲಕ್ಕೆ ಹಾಸಿದ ಶಹಾಬಾದಿ ಪರಸಿಗಳಲ್ಲಿ, ಅಂದರೆ ಕಲ್ಲುಚಪ್ಪಡಿಗಳಲ್ಲಿ, ಒಂದು ಎದ್ದಿರುತ್ತದೆ, ಪಕ್ಕದ್ದು ಕುಸಿದಿರುತ್ತದೆ. ಮನೆಗೆ ಹೊಸಬರು ಬಂದರೆ ಎಡವುತ್ತಾರೆ. ಹಳಬರು ನೋಡದೆಯೇ ಎಲ್ಲಿ ಕಾಲೆತ್ತಬೇಕೋ ಅಲ್ಲಿ ಎತ್ತುತ್ತಾರೆ. ಇಂಥ ನೆಲದ ಮೇಲೆ ಸಂಸಾರ ಮಾಡಬಹುದು, ರೈಲು ಓಡಿಸುವುದು ಕಷ್ಟ. ಅವ್ವ ಎರಡನ್ನೂ ಮಾಡಿದಳು.

ಅವ್ವ ರೈಲ್ವೆ ಗೇಟಮನ್ ಒಬ್ಬನ ಮಗಳು. ಅಣ್ಣಿಗೇರಿಯ ಆಚೆ, ಹೊಲಗಳ ನಡುವಿನ ರಸ್ತೆಯೊಂದು ಹಳಿ ದಾಟುವಲ್ಲಿ ಒಂದು ಗೇಟು, ಗೇಟಿಗೊಂದು ಸಣ್ಣ ಮನೆ. ಅವಳು ಹುಟ್ಟಿ ಬೆಳೆದದ್ದು ಅದರಲ್ಲಿ. ಅಡುಗೆಮನೆಯ ಪಾತ್ರೆ ಅಲುಗುವ ಸದ್ದಿನಿಂದಲೇ ಬರುತ್ತಿರುವುದು ಗೂಡ್ಸೋ ಪ್ಯಾಸೆಂಜರೋ ಎಂದು ಹೇಳುತ್ತಿದ್ದಳಂತೆ. ಅಂಥವಳನ್ನು ತಂದು ರೈಲಿಲ್ಲದ ಊರಿಗೆ ಕೊಟ್ಟರು, ಅದೂ ಬಸ್ ಕಂಡಕ್ಟರನಿಗೆ.

"ಮದಿವಿ ಆಗಿ ಬಂದ ಮ್ಯಾಲ ಹದಿನೈದು ದಿನ ನಿದ್ದಿ ಹತ್ತಲಿಲ್ಲ" ಎನ್ನುತ್ತಿದ್ದಳು ಅವ್ವ. "ಏನೂ ಅಲಗಾಡೂದಿಲ್ಲ ಈ ಮನ್ಯಾಗ."

"ಆಮ್ಯಾಲ ನಾ ಗೊರಕಿ ಹೊಡಿಯಾಕ ಚಾಲೂ ಮಾಡಿದೆ, ಇಕಿಗೆ ನಿದ್ದಿ ಬಂತು" ಎನ್ನುತ್ತಿದ್ದ ಅಪ್ಪ.

"ಅದು ಗೂಡ್ಸ ಗಾಡಿರಿ. ಹೋಗತಿತ್ತು ಹೋಗತಿತ್ತು, ಊರು ಮುಟ್ಟತಿದ್ದಿಲ್ಲ."

ನಮ್ಮ ಮನೆಯಲ್ಲಿ ಮಾತುಕತೆ ಎಂದರೆ ಇದು. ಬೆಳಗ್ಗೆ ಚಹಾದ ಜೊತೆ ಶುರುವಾದರೆ ರಾತ್ರಿ ಹಾಸಿಗೆ ಬಿಡಿಸುವವರೆಗೆ. ಅಪ್ಪ ಬಸ್ಸಿನ ಪಕ್ಷ, ಅವ್ವ ರೈಲಿನ ಪಕ್ಷ. "ನಿಮ್ಮ ರೈಲು ಹಳಿ ಬಿಟ್ಟು ಒಂದ ಗೇಣು ಆ ಕಡೆ ಸರೀಲಿ ನೋಡೂಣು. ನಮ್ಮ ಬಸ್ಸಿಗೆ ಮುದುಕಿ ಕೈ ಮಾಡಿದ್ರ ಹೊಲದ ಬದುವಿನ್ಯಾಗೂ ನಿಂದರತೈತಿ" ಎಂದು ಅಪ್ಪ ಎತ್ತಿದರೆ, ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆ ಎತ್ತದೆ, "ಅದಕ್ಕನ ಎಲ್ಲಾ ಕಡೆ ನಿಂದರತೈತಿ, ಎಲ್ಲೂ ಹೊತ್ತಿಗೆ ಮುಟ್ಟೂದಿಲ್ಲ" ಎನ್ನುತ್ತಿದ್ದಳು. ಈ ಜಗಳದಲ್ಲಿ ಯಾರೂ ಗೆದ್ದದ್ದನ್ನು ನಾನು ನೋಡಿಲ್ಲ. ಗೆದ್ದರೆ ಮರುದಿನ ಏನು ಮಾಡುವುದು?

ಬಾಯಿಮಾತಿನಲ್ಲಿ ಗೆಲ್ಲಲಾಗದೆಯೇ ಇರಬೇಕು, ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಅವ್ವ ರೈಲು ಕಟ್ಟಲು ಶುರುಮಾಡಿದಳು. ಮೊದಲು ಬೆಂಕಿಪೆಟ್ಟಿಗೆಗಳನ್ನು ಸುತಳಿಯಿಂದ ಜೋಡಿಸಿದ್ದು. ಅದು ಮಗಳ ಆಟಕ್ಕೆ ಎಂದು ಊರಿಗೆಲ್ಲ ಹೇಳಿದಳು. ಆ ಮಗಳು ಅದನ್ನು ಮುಟ್ಟಿದ ದಿನ ಬೆನ್ನಿಗೆ ಒಂದು ಬಿತ್ತು. ಅಂದಿನಿಂದ ಅದು ಯಾರ ಆಟಿಕೆ ಎಂಬ ಬಗ್ಗೆ ನನಗೆ ಸಂಶಯ ಉಳಿಯಲಿಲ್ಲ.

ಬೆಂಕಿಪೆಟ್ಟಿಗೆ ಹೋಗಿ ಎಣ್ಣೆ ಡಬ್ಬಿಯ ತಗಡು ಬಂತು. ಗಾಲಿಗೆ ಹೊಲಿಗೆ ಮಷೀನಿನ ಬಾಬಿನ್ನು. ಹಳಿಗೆ ಛತ್ರಿಯ ಕಡ್ಡಿ. ಹಳಿಯ ಅಡಿಯ ಅಡ್ಡಪಟ್ಟಿಗಳಿಗೆ ಹತ್ತಿಕಟ್ಟಿಗೆಯನ್ನು ಸೀಳಿ, ಬೆರಳುದ್ದ ಕತ್ತರಿಸಿ ಒಣಗಿಸುತ್ತಿದ್ದಳು. ಮಳೆಗಾಲ ಮುಗಿದರೆ ಊರಿನ ಮುರಿದ ಛತ್ರಿಗಳೆಲ್ಲ ತಾವಾಗಿ ನಮ್ಮ ಮನೆಗೆ ಬರುತ್ತಿದ್ದವು. ಕೊಡುವವರು ಬಾಗಿಲಲ್ಲಿ ನಿಂತು "ರೈಲಕ್ಕಾ, ಅದೀರೇನ್ರಿ?" ಎಂದು ಕೂಗುತ್ತಿದ್ದರು. ಪಂಪ್‌ಸೆಟ್ಟಿನ ಮೋಟಾರುಗಳನ್ನು ರಿಪೇರಿ ಮಾಡುವ ನಮ್ಮ ಓಣಿಯ ದಾವಲಸಾಬ್ ಕಾಕಾ ಒಂದು ಕೆಟ್ಟ ಟೇಪ್‌ರೆಕಾರ್ಡರಿನ ಪುಟ್ಟ ಮೋಟಾರು ತೆಗೆದು ಎಂಜಿನ್ನಿನೊಳಗೆ ಕೂರಿಸಿಕೊಟ್ಟ. ಎರಡು ಸೆಲ್ಲು ಹಾಕಿದರೆ ಅದು ಗುಂಯ್ ಎನ್ನುತ್ತ ನಾಲ್ಕು ಡಬ್ಬಿಗಳನ್ನು ಎಳೆದುಕೊಂಡು ಪಡಸಾಲೆಯ ಪಕ್ಕದ ಕೋಣೆಯಲ್ಲಿ ಎರಡು ನೇರ, ಎರಡು ತಿರುವು ಹಾದು ಸುತ್ತುತ್ತಿತ್ತು. ಸುತ್ತಿನಲ್ಲಿ ಒಂದು ಕಡೆ ಪೊರಕೆಕಡ್ಡಿಯ ಗೇಟು, ಗೇಟಿನ ಪಕ್ಕ ಅಂಗೈಯಗಲದ ಮನೆ. ಊರಿನವರು ಅದನ್ನು ನೋಡಲು ಬರುತ್ತಿದ್ದರು. ನೋಡುವುದಕ್ಕೆ ಒಂದು ಕಟ್ಟಳೆ ಇತ್ತು, ಎಲ್ಲರೂ ಕಿಟಕಿಯ ಕಡೆಗೇ ಕೂರಬೇಕು. ಯಾಕೆಂದರೆ ರೈಲಿಗೆ ಕಿಟಕಿ, ಬಾಗಿಲು, ಬಣ್ಣ ಎಲ್ಲ ಇದ್ದದ್ದು ಒಂದೇ ಬದಿಗೆ, ಸುತ್ತಿನ ಹೊರಗಡೆಗೆ. ಇನ್ನೊಂದು ಬದಿ ಬರೀ ತಗಡು. ಅದರ ಮೇಲೆ ಎಣ್ಣೆ ಡಬ್ಬಿಯ ಸೂರ್ಯಕಾಂತಿ ಹೂವು ಹಾಗೇ ಇತ್ತು.

"ಅರ್ಧಾ ರೈಲು!" ಎಂದು ಅಪ್ಪ ಎಲ್ಲರ ಎದುರೇ ಹೇಳಿದ.

"ನಾ ಸಣ್ಣಾಕಿ ಇದ್ದಾಗ ಗೇಟಿನ ಮುಂದ ನಿಂತು ನೋಡಿದ್ದು ಈ ಬಾಜು. ಆ ಬಾಜು ಆಚಿ ಹೊಲದವರು ನೋಡಿರತಾರ. ಅವರು ಬೇಕಾದ್ರ ಮಾಡಿಕೊಳ್ಳಲಿ" ಎಂದಳು ಅವ್ವ.

ಅಂದಿನಿಂದ ಅಪ್ಪ ಬೇಕೆಂದೇ ಸೂರ್ಯಕಾಂತಿಯ ಬದಿಗೆ, ಹಳಿಯ ಸುತ್ತಿನೊಳಗೆ, ಕುರ್ಚಿ ಹಾಕಿಕೊಂಡು ಕೂರತೊಡಗಿದ. ತಾನು ಆಚೆ ಹೊಲದವನು ಎನ್ನುತ್ತಿದ್ದ. ಸಂಜೆ ಅವ್ವ ರೈಲು ಬಿಟ್ಟಾಗಲೆಲ್ಲ ಅಲ್ಲಿಂದಲೇ ಏನಾದರೊಂದು ಅನ್ನುತ್ತಿದ್ದ, ಇವಳು ಕಿಟಕಿಯ ಬದಿಯಿಂದ ತಿರುಗಿ ಅನ್ನುತ್ತಿದ್ದಳು. ನಡುವೆ ರೈಲು ಸುತ್ತುತ್ತಿತ್ತು. ನಾನು ಮೂಲೆಯಲ್ಲಿ ಮಗ್ಗಿ ಬರೆಯುತ್ತ ಕೂತಿರುತ್ತಿದ್ದೆ. ನನ್ನ ಮಗ್ಗಿ ಇಂದಿಗೂ ಹನ್ನೆರಡರಾಚೆ ಹೋಗಿಲ್ಲ. ಅದಕ್ಕೆ ಕಾರಣ ಇವರಿಬ್ಬರೇ ಎಂದು ನನ್ನ ನಂಬಿಕೆ.

ಆದರೆ ಆ ನೆಲ ಇತ್ತಲ್ಲ, ಅದು ಒಂದು ವರ್ಷವೂ ಅವ್ವನನ್ನು ಸುಮ್ಮನೆ ಬಿಡಲಿಲ್ಲ. ಬೇಸಗೆ ಕಾಲಿಟ್ಟು ಮಣ್ಣು ಒಣಗಿ ಕುಸಿದರೆ ಪರಸಿಗಳು ಒಂದೊಂದು ಕಡೆ ವಾಲುತ್ತಿದ್ದವು, ಹಳಿ ಸೊಟ್ಟಗಾಗಿ ರೈಲು ಬೀಳುತ್ತಿತ್ತು. ದೊಡ್ಡ ರೈಲಿನ ಹಳಿಯ ಕೆಳಗೆ ಖಡಿ, ಅದೇ ಜಲ್ಲಿಕಲ್ಲು, ಹಾಕಿರುವುದು ನೀವು ನೋಡಿದ್ದೀರಿ. ಹಾಗೆ ಇದಕ್ಕೂ ಖಡಿ ಹಾಕಿ ಎತ್ತರ ತಗ್ಗು ಸರಿಮಾಡಬೇಕು. ಹಿಂದಿನ ವರ್ಷ ಹಾಕಿದ್ದರಲ್ಲಿ ಅರ್ಧ ಪರಸಿಯ ಸಂದಿಗಳಲ್ಲಿ ಇಳಿದು ನೆಲದ ಹೊಟ್ಟೆ ಸೇರಿರುತ್ತಿತ್ತು. ಹೊಸ ಕಲ್ಲು ಬೇಕು. ಕಲ್ಲು ಇರುವುದು ಗುಡ್ಡದಲ್ಲಿ. ಹೀಗಾಗಿ ಪ್ರತಿ ವರ್ಷ ಯುಗಾದಿಯ ಆಜುಬಾಜು, ನೆಲ ಪೂರ್ತಿ ಒಣಗಿದ ಮೇಲೆ, ಬಿಸಿಲು ತಲೆ ಸುಡುವ ಮೊದಲು ನಮ್ಮ ಪರ್ವತಾರೋಹಣ. ಈ ಲೆಕ್ಕದಲ್ಲಿ ನವಲಗುಂದದ ಗುಡ್ಡದ ಸ್ವಲ್ಪ ಭಾಗ ಈಗ ನಮ್ಮ ಮನೆಯ ಕೆಳಗಿದೆ.

ಪರ್ವತ ಎಂದೆ. ಕಲಘಟಗಿಯ ಕಡೆಯವರು ಯಾರಾದರೂ ಓದಿದರೆ ನಕ್ಕಾರು. ಅವರು ಹಿತ್ತಲಿಗೆ ಹೋಗಲೂ ಇಷ್ಟು ಏರು ಹತ್ತುತ್ತಾರೆ. ಆದರೆ ವರ್ಷವಿಡೀ ರೊಟ್ಟಿಯಂಥ ನೆಲದ ಮೇಲೆ ನಡೆಯುವ ನಮಗೆ ಅದು ದೊಡ್ಡದೇ. ಮೇಲೆ ಹೋಗುವಷ್ಟರಲ್ಲಿ ನನ್ನ ತೊಡೆ ನಡುಗುತ್ತಿತ್ತು, ಕಿವಿಯಲ್ಲಿ ಗಾಳಿ ಹೊಕ್ಕಿದೆ ಎಂದು ಅಳುತ್ತಿದ್ದೆ.

ಮೊದಲ ಸಲ ಹೋದದ್ದು ಚೆನ್ನಾಗಿ ನೆನಪಿದೆ. ಬೆಳಗಿನ ಮೊದಲ ಬಸ್ಸು. ಅವತ್ತು ಆ ಬಸ್ಸಿಗೆ ಅಪ್ಪನದೇ ಡ್ಯೂಟಿ. ಮನೆಯಲ್ಲಿ ಒಂದೇ ಹರಿವಾಣದಲ್ಲಿ ಅವಲಕ್ಕಿ ತಿಂದು ಬಂದಿದ್ದರೂ ಬಸ್ಸಿನಲ್ಲಿ ಅಪ್ಪ ಪರಿಚಯವೇ ಇಲ್ಲದವನ ಹಾಗೆ ಮುಂದೆ ಬಂದು ನಿಂತ.

"ಎಲ್ಲಿಗ್ರಿ ಬಾಯಾರ?"

"ನವಲಗುಂದಕ್ಕ ಒಂದೂವರಿ ಕೊಡ್ರಿ" ಎಂದಳು ಅವ್ವ, ಅವಳೂ ಹಾಗೇ.

"ಹುಡುಗಿಗೆ ಎಷ್ಟು ವರ್ಷ? ಅರ್ಧಾ ಟಿಕೀಟಿನಾಕಿ ಕಾಣೂದಿಲ್ಲ."

"ಅದು ನಿಮಗ ಗೊತ್ತಿರಬೇಕಲ್ರಿ."

ಇಡೀ ಬಸ್ಸು ನಕ್ಕಿತು. ಅಪ್ಪ ಕಿವಿಯವರೆಗೆ ಕೆಂಪಾಗಿ ಒಂದೂವರೆ ಟಿಕೀಟು ಹರಿದುಕೊಟ್ಟ. ಆ ಮಾತಿಗೆ ಅವನಿಗೆ ಉತ್ತರ ಸಿಕ್ಕಿದ್ದು ಮೂರು ದಿನದ ಮೇಲೆ, ಊಟಕ್ಕೆ ಕೂತಾಗ. ಅಷ್ಟರಲ್ಲಿ ಅವ್ವ ಪ್ರಶ್ನೆಯನ್ನೇ ಮರೆತಿದ್ದಳು, ಅಥವಾ ಮರೆತ ಹಾಗೆ ಮಾಡಿದಳು. ಪಾಪ, ಅಪ್ಪ ಮತ್ತೆ ಮೊದಲಿಂದ ಎಲ್ಲ ವಿವರಿಸಬೇಕಾಯಿತು.

ಗುಡ್ಡದ ಮೇಲೆ ಅವ್ವ ಬೇರೆಯೇ ಹೆಂಗಸು. ಮನೆಯಲ್ಲಿ ಮೊಣಕಾಲು ನೋವೆಂದು ಎದ್ದೇಳಲೂ ಮೂರು ಸಲ ದೇವರನ್ನು ಕರೆಯುವವಳು, ಅಲ್ಲಿ ಸೆರಗು ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತು ತಾಸುಗಟ್ಟಲೆ ಕಲ್ಲು ಆರಿಸುತ್ತಿದ್ದಳು. ಕಡಲೆಕಾಳಿಗಿಂತ ದೊಡ್ಡದಿರಬಾರದು, ಜೋಳದ ಕಾಳಿಗಿಂತ ಸಣ್ಣದಿರಬಾರದು. ದುಂಡಗಿದ್ದರೆ ಉರುಳುತ್ತದೆ, ಬೇಡ. ಮೂಲೆ ಮೂಲೆ ಇರಬೇಕು. ನಾನು ಬೊಗಸೆ ತುಂಬ ಆರಿಸಿ ತಂದರೆ ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ಒಂದೊಂದನ್ನೇ ತಿರುಗಿಸಿ ನೋಡಿ ಎಸೆಯುತ್ತಿದ್ದಳು. "ಇದೇನ ತಂದೀ ಬೇ, ಇದು ಹಳಿಗಲ್ಲ, ಗ್ವಾಡಿ ಕಟ್ಟಾಕ. ಇದು ಹಲ್ಲಿನ ಸಂದಿಗೂ ಸಾಲೂದಿಲ್ಲ." ನೂರು ಕಲ್ಲು ಒಯ್ದರೆ ಹತ್ತು ಪಾಸಾಗುತ್ತಿದ್ದವು. ನಾನು ಮುಂದೆ ಪಿಯುಸಿಯಲ್ಲಿ ಇಂಗ್ಲಿಷಿಗೆ ಎರಡು ಸಲ ಫೇಲಾದಾಗ ಅಷ್ಟೇನೂ ಎದೆಗುಂದಲಿಲ್ಲ. ನನಗೆ ಅಭ್ಯಾಸವಿತ್ತು.

ಚೀಲ ತುಂಬಿದ ಮೇಲೆ ಬುತ್ತಿ ಬಿಚ್ಚುತ್ತಿದ್ದೆವು. ರೊಟ್ಟಿ, ಶೇಂಗಾ ಚಟ್ನಿ, ಎಳೆ ಸೌತೆಕಾಯಿ. ಕೆಳಗೆ ಕಟಾವಾದ ಹೊಲಗಳು, ಬಿರುಕುಬಿಟ್ಟ ಕರಿ ನೆಲ, ಅಲ್ಲಲ್ಲಿ ಒಂದೊಂದು ಜಾಲಿ. ಎಲ್ಲೋ ಬಂಡೆಯ ಹಿಂದೆ ನವಿಲು ಕೂಗುತ್ತಿತ್ತು. ಅವ್ವ ರೊಟ್ಟಿ ಮುರಿಯುತ್ತ ತೆಂಕಣ ದಿಕ್ಕಿಗೆ ನೋಡಿ, "ಈಗ ಅಣ್ಣಿಗೇರಿ ಬಿಟ್ಟಿರತೈತಿ" ಎನ್ನುತ್ತಿದ್ದಳು. ಅಲ್ಲಿಂದ ಅಣ್ಣಿಗೇರಿಯೂ ಕಾಣುವುದಿಲ್ಲ, ರೈಲೂ ಕಾಣುವುದಿಲ್ಲ, ಬರೀ ಬಿಸಿಲಿನ ಝಳ ಕಾಣುತ್ತದೆ. ನಾನು ಹೂಂ ಎನ್ನುತ್ತಿದ್ದೆ. ಅದೇ ನಮ್ಮ ಯಾತ್ರೆಯ ಫಲಶ್ರುತಿ.

ನಾನು ದೊಡ್ಡವಳಾದೆ. ಊರಿನಲ್ಲೇ ಎರಡು ಓಣಿ ಆಚೆ ಮದುವೆಯಾಯಿತು, ಊರಿನ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು. ಅಪ್ಪ ರಿಟೈರಾದ. ಅವ್ವ ಹುಟ್ಟಿದ ಗೇಟನ್ನು ತೆಗೆದು ಹಳಿಯ ಕೆಳಗೆ ರಸ್ತೆ ಮಾಡಿದರು, ಗೇಟಿನ ಮನೆಯನ್ನು ಕೆಡವಿದರು. ಆ ಸುದ್ದಿ ಬಂದ ಸಂಜೆ ಅಪ್ಪ ಒಂದೂ ಕುಹಕವಾಡದೆ ಸೂರ್ಯಕಾಂತಿಯ ಬದಿಯಲ್ಲಿ ಸುಮ್ಮನೆ ಕೂತಿದ್ದನ್ನು ನಾನು ನೋಡಿದ್ದೇನೆ. ಅವ್ವನೇ, "ಯಾಕ್ರಿ, ಬಾಯಿ ಪಂಚರ್ ಆತೇನ?" ಎಂದು ಕೆಣಕಬೇಕಾಯಿತು.

ಅವ್ವ ಹೋದ ಮೇಲೆ ಆ ಬಾಯಿ ಪೂರ್ತಿ ಮುಚ್ಚಿತು.

ಅಳುತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಪ್ಪ ಅಳಲಿಲ್ಲ. ಕೊಟ್ಟದ್ದನ್ನು ಉಂಡ, ಹೇಳಿದ್ದಕ್ಕೆ ಹೂಂ ಎಂದ. ನಾನು ಬೆಳಗ್ಗೆ ಸಂಜೆ ಹೋಗಿ ಅಡುಗೆ ಮಾಡಿಟ್ಟು ಬರುತ್ತಿದ್ದೆ. ಒಂದು ದಿನ ಬೇಕೆಂದೇ ಸಾರಿಗೆ ಉಪ್ಪು ಎರಡರಷ್ಟು ಹಾಕಿದೆ, ಬೈಯಲಿ ಎಂದು. ಉಂಡು ಎದ್ದ. ಮರುದಿನ ಉಪ್ಪೇ ಹಾಕಲಿಲ್ಲ. ಅದನ್ನೂ ಉಂಡ. ಮೂರನೆಯ ದಿನ ನನಗೇ ಹೆದರಿಕೆಯಾಗಿ ಸರಿಯಾಗಿ ಹಾಕಿದೆ. ಸರ್ಕಾರಿ ರಸ್ತೆಯ ಗುಂಡಿಯಿಂದ ಹಿಡಿದು ನನ್ನ ಗಂಡನ ಮೀಸೆಯವರೆಗೆ ಎಲ್ಲದರ ಬಗ್ಗೆ ಒಂದು ಮಾತು ಇಟ್ಟುಕೊಂಡಿದ್ದ ಮನುಷ್ಯ, ಒಂದು ವರ್ಷ ಯಾವುದಕ್ಕೂ ಹೆಸರಿಡಲಿಲ್ಲ. ಕೋಣೆಯಲ್ಲಿ ರೈಲಿನ ಮೇಲೆ ಅವ್ವನದೊಂದು ಹಳೆಯ ಸೀರೆ ಹೊದಿಸಿದ್ದೆ. ಅದರ ಪಕ್ಕ ತನ್ನ ಕುರ್ಚಿಯಲ್ಲಿ ಸಂಜೆ ಕೂತು ಏಳುತ್ತಿದ್ದ.

ಈ ವರ್ಷ ಯುಗಾದಿಯ ಬೇವು ಬೆಲ್ಲ ಕೊಡಲು ಹೋದಾಗ ಮೊದಲ ಸಲ ಒಂದು ಪ್ರಶ್ನೆ ಕೇಳಿದ.

"ನೀಲವ್ವಾ, ರೈಲು ಯಾಕ ಬಂದ್ ಐತಿ?"

ಅಷ್ಟೇ. ಆದರೆ ಅದು ವರ್ಷದಲ್ಲಿ ಅವನು ತಾನಾಗಿ ಕೇಳಿದ ಮೊದಲ ಮಾತು. ಅವ್ವನ ವರ್ಷದ ಪೂಜೆಗೆ ಒಂಬತ್ತು ದಿನವಿತ್ತು. ಅಷ್ಟರೊಳಗೆ ರೈಲನ್ನು ಒಂದು ಪೂರ್ತಿ ಸುತ್ತು ಓಡಿಸಬೇಕು ಎಂದುಕೊಂಡೆ. ಅದು ಓಡಿದರೆ ಅಪ್ಪ ಏನಾದರೂ ಅಂದಾನು. ಕೆಟ್ಟದ್ದೇ ಅನ್ನಲಿ, ಅಂದರೆ ಸಾಕು.

ಸೀರೆ ತೆಗೆದೆ. ಎರಡು ಪರಸಿ ಕುಸಿದಿದ್ದವು, ಹಳಿ ಹಾವಿನ ಹಾಗೆ ಎದ್ದು ಬಿದ್ದು ಹೋಗಿತ್ತು. ಹೊಸ ಸೆಲ್ಲು ಹಾಕಿ ಬಿಟ್ಟರೆ ಎಂಜಿನ್ನು ಮೊಳದಷ್ಟು ಹೋಗಿ ಮಗ್ಗುಲಾಯಿತು. ದಾವಲಸಾಬ್ ಕಾಕಾನನ್ನು ಕರೆದು ತಂದೆ. ಕಾಕಾನಿಗೂ ಈಗ ವಯಸ್ಸಾಗಿದೆ. ಕನ್ನಡಕವನ್ನು ಹಣೆಗೇರಿಸಿ ಎಂಜಿನ್ನನ್ನು ಕಿವಿಗೆ ಹಿಡಿದು ಕೇಳಿದ.

"ಮೋಟಾರ್ ಅಗದಿ ಫಸ್ಟ್‌ಕ್ಲಾಸ್ ಐತಿ ಬೇಟಿ. ನನ್ನ ಕೆಲಸದಾಗ ಖೋಟ್ ಇಲ್ಲ. ನಿಮ್ಮವ್ವನ ಕೆಲಸದಾಗ ಐತಿ ನೋಡು, ನೆಲದಾಗ."

ಬಾಗಿಲ ಹಿಂದಿನ ಚೀಲ ತಂದು ಕಲ್ಲು ತೊಳೆದೆ. ಅವ್ವನದೊಂದು ಮಟ್ಟ ನೋಡುವ ಸಾಧನವಿತ್ತು. ಸಣ್ಣ ಹೇರ್ ಆಯಿಲ್ ಬಾಟಲಿಗೆ ನೀರು ತುಂಬಿ, ಒಂದೇ ಒಂದು ಗುಳ್ಳೆ ಉಳಿಸಿ ಬಿರಡೆ ಹಾಕಿದ್ದಳು. ಅಡ್ಡ ಮಲಗಿಸಿದರೆ ಗುಳ್ಳೆ ನಡುವೆ ನಿಲ್ಲಬೇಕು, ಆಗ ಮಟ್ಟ ಸರಿ. ಅಂಗನವಾಡಿ ಬಿಟ್ಟ ಮೇಲೆ ದಿನಾ ಎರಡು ತಾಸು ಹೊಟ್ಟೆಯ ಮೇಲೆ ಮಲಗಿ, ಒಂದೊಂದು ಗೇಣಿಗೂ ಬಾಟಲಿ ಇಟ್ಟು, ಹಳಿಯ ಕೆಳಗೆ ಒಂದೊಂದೇ ಕಲ್ಲು ದೂಡಿದೆ. ಮೂರು ದಿನಕ್ಕೆ ಸುತ್ತಿನ ತುಂಬ ಗುಳ್ಳೆ ನಡುವೆ ನಿಂತಿತು. ಅವ್ವನೂ ಇಷ್ಟು ಅಚ್ಚುಕಟ್ಟಾಗಿ ಮಾಡಿರಲಿಕ್ಕಿಲ್ಲ ಎಂದು ಒಳಗೊಳಗೇ ಹಿಗ್ಗಿದೆ. ರೈಲು ಬಿಟ್ಟೆ. ನೇರದಲ್ಲಿ ಚೆನ್ನಾಗಿ ಹೋಯಿತು. ಗೇಟಿನ ಹತ್ತಿರದ ತಿರುವಿಗೆ ಬಂದು ಹೊರಗಡೆಗೆ ಬಿತ್ತು. ಎತ್ತಿಟ್ಟೆ, ಮತ್ತೆ ಅಲ್ಲೇ ಬಿತ್ತು. ಹನ್ನೊಂದು ಸಲ ಎತ್ತಿಟ್ಟೆ. ಬಾಟಲಿಯಲ್ಲಿ ಗುಳ್ಳೆ ನಡುವೆಯೇ ಇತ್ತು, ನನ್ನನ್ನು ಅಣಕಿಸುತ್ತ.

ಅಪ್ಪ ತನ್ನ ಕುರ್ಚಿಯಿಂದ ನೋಡುತ್ತಿದ್ದ.

ಕಲ್ಲೇ ಸರಿಯಿಲ್ಲವೇನೋ ಎನಿಸಿತು. ಕಲಿಯದವರಿಗೆ ಮೊದಲು ಸಾಮಾನಿನ ಮೇಲೆಯೇ ಸಂಶಯ. ಪೂಜೆಗೆ ಎರಡು ದಿನ ಮೊದಲು ಭಾನುವಾರ, ಹೊಸ ಕಲ್ಲು ತರುತ್ತೇನೆಂದು ಬುತ್ತಿ ಕಟ್ಟಿಕೊಂಡು ಹೊರಟೆ. ಅಪ್ಪ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದ.

"ನಾನೂ ಬರತೇನಿ."

"ಗುಡ್ಡಕ್ಕ ಅಪ್ಪಾ. ಏರು ಐತಿ."

"ಮೂವತ್ತು ವರ್ಷ ಅದರ ಬುಡಕ್ಕ ಜನಾ ಇಳಿಸೇನಿ. ಮ್ಯಾಲ ಏನೈತಿ ನೋಡೂಣು."

ಬಸ್ಸಿನಲ್ಲಿ ನನ್ನ ಟಿಕೀಟು ಪುಕ್ಕಟೆ, ಅವನಿಗೆ ಹಿರಿಯರ ರಿಯಾಯಿತಿ. ಕಂಡಕ್ಟರ್ ಸಣ್ಣ ವಯಸ್ಸಿನ ಹುಡುಗಿ, ಟಿಕೀಟನ್ನು ಮಷೀನಿನಿಂದ ತೆಗೆದುಕೊಟ್ಟಳು. ಅದನ್ನು ಅಪ್ಪ ಹಿಂದೆ ಮುಂದೆ ತಿರುಗಿಸಿ ನೋಡಿ ಜೇಬಿಗಿಟ್ಟುಕೊಂಡ. ಗುಡ್ಡ ಹತ್ತುವಾಗ ಹತ್ತು ಹೆಜ್ಜೆಗೊಮ್ಮೆ ನಿಂತ. ಏದುಸಿರು ಬಿಡುವುದನ್ನು ಮುಚ್ಚಿಡಲು ಪ್ರತಿ ಸಲವೂ ಸುತ್ತ ನೋಡುವ ನೆವ ಮಾಡಿದ. ನಾನೂ ಹಾಗೇ ಮಾಡಿದೆ. ನನಗೂ ಈಗ ನಲವತ್ತಮೂರು. ಇಬ್ಬರೂ ಒಂದು ಕಡೆ ಕೂತೆವು. ನಾನು ಕಲ್ಲು ಆರಿಸತೊಡಗಿದೆ. ಸ್ವಲ್ಪ ಹೊತ್ತು ನೋಡಿ ಅಪ್ಪ ಹೇಳಿದ:

"ಕಲ್ಲಿಂದೇನೂ ತಪ್ಪಿಲ್ಲಲೇ. ನೀ ಎಲ್ಲಾ ಮಟ್ಟಸ ಮಾಡಿಟ್ಟಿ."

"ಮಟ್ಟಸ ಇರಬೇಕಲ್ಲ?"

"ತಿರುವಿನ್ಯಾಗ ಇರಬಾರದು. ಹೊರಗಿನ ಹಳಿ ಎತ್ತರ ಇರಬೇಕು. ಬಂದ ರಸ್ತಾದಾಗ ತಿರುವು ನೋಡಿದಿಲ್ಲ? ಹೊರಗಿನ ಬಾಜು ಎತ್ತರ ಮಾಡಿರತಾರ. ಇಲ್ಲಂದ್ರ ಗಾಡಿ ಹೊರಗ ಒಗಿತೈತಿ. ರೈಲಿಗೂ ಹಂಗ. ಗೇಟಿನ ತಿರುವಿಗೆ ಹೊರಗಿನ ಹಳಿ ಒಂದ ಕಡಲಿಕಾಳಿನಷ್ಟು ಮ್ಯಾಲ. ಆಚಿ ತಿರುವಿಗೆ ಒಂದ ಜೋಳದ ಕಾಳಿನಷ್ಟು ಸಾಕು, ಅಲ್ಲಿ ಪರಸಿನ ವಾಲೈತಿ."

ನನ್ನ ಕೈಯಲ್ಲಿದ್ದ ಕಲ್ಲುಗಳು ಹಾಗೇ ಉಳಿದವು. ರೈಲನ್ನು ಒಂದು ದಿನವೂ ಮುಟ್ಟದವನು ಅವನು.

"ನಿನಗ ಹೆಂಗ ಗೊತ್ತಪ್ಪಾ?"

"ನಿಮ್ಮವ್ವ ಅದನ್ನ ಹಚ್ಚುವಾಗ ಬಾಯಾಗ ಗುಣುಗುಣು ಅಂತಿದ್ದಳಲ್ಲ, ಪ್ರತಿ ವರ್ಷ. ನಾ ಕಂಡಕ್ಟರ್ ಮನಿಶ್ಯಾ. ಹಿಂದಿನ ಸೀಟಿನ್ಯಾಗ ಯಾರು ಏನು ಅಂದ್ರೂ ಕೇಳಸತೈತಿ."

"ಮತ್ತ ಮೂರು ದಿನದಿಂದ ಕುಂತು ನೋಡಾಕತ್ತೀದಿ, ಹೇಳಬಾರದಿತ್ತ?"

ಅಪ್ಪ ಒಂದು ಕಲ್ಲು ಎತ್ತಿ, ಅದರ ಮೂಲೆ ನೋಡಿ ಚೀಲಕ್ಕೆ ಹಾಕಿದ. ಆಮೇಲೆ, "ಗೊತ್ತೈತಿ ಅಂತ ಆಕಿಗೂ ಒಂದ ದಿನ ಹೇಳಲಿಲ್ಲ" ಎಂದ.

ನಾವು ಬುತ್ತಿ ಬಿಚ್ಚಿ ಉಂಡೆವು. ಅವನು ಗುಡ್ಡ ಅಷ್ಟೇನೂ ದೊಡ್ಡದಲ್ಲ ಎಂದ. ಇಳಿಯುವಾಗ ನನ್ನ ಹೆಗಲು ಹಿಡಿದುಕೊಂಡೇ ಇಳಿದ.

ವರ್ಷದ ಪೂಜೆ ಮಂಗಳವಾರ ಮುಗಿಯಿತು. ಬಂದವರು ಉಂಡು ಹೋದರು. ಬಿಸಿಲು ಇಳಿದ ಮೇಲೆ ನಾನು ಕೋಣೆಗೆ ಹೋದೆ. ಹಿಂದಿನ ದಿನವೇ ಗೇಟಿನ ತಿರುವಿನಲ್ಲಿ ಹೊರಗಿನ ಹಳಿಯ ಕೆಳಗೆ ಒಂದು ಕಡಲೆಕಾಳು, ಆಚೆ ತಿರುವಿನಲ್ಲಿ ಒಂದು ಜೋಳದ ಕಾಳು ಇಟ್ಟು ಅಳತೆ ಮಾಡಿ ಕಲ್ಲು ಹಾಕಿದ್ದೆ. ಆದರೆ ಓಡಿಸಿ ನೋಡಿರಲಿಲ್ಲ. ಅಪ್ಪ ಬಂದು ಕುರ್ಚಿಯಲ್ಲಿ ಕೂತ. ನಾನು ಕಿಟಕಿಯ ಬದಿಗೆ ಕೂತು ಗುಂಡಿ ಒತ್ತಿದೆ.

ರೈಲು ನೇರ ದಾರಿ ಮುಗಿಸಿತು. ತಿರುವಿಗೆ ಬಂತು. ಎಂಜಿನ್ನು ಸ್ವಲ್ಪ ಒಳಗೆ ವಾಲಿತು, ಹಿಂದೆ ನಾಲ್ಕೂ ಡಬ್ಬಿ ಒಂದರ ಹಿಂದೊಂದು ವಾಲಿದವು, ನೆಟ್ಟಗಾದವು. ಗೇಟು ದಾಟಿತು. ಪೂರ್ತಿ ಸುತ್ತು ಬಂದು ಮತ್ತೆ ನನ್ನ ಮುಂದೆ ಹಾದುಹೋಯಿತು.

ಎರಡನೆಯ ಸುತ್ತಿನಲ್ಲಿ ಅಪ್ಪ ಗಂಟಲು ಸರಿಮಾಡಿಕೊಂಡ.

"ಹ್ವಾದ ವರ್ಷ ಬರಬೇಕಾದ ಗಾಡಿ" ಎಂದ. "ಬರೊಬ್ಬರಿ ಒಂದ ವರ್ಷ ಲೇಟು. ಇದಕ್ಕಿಂತ ನಮ್ಮ ಬಸ್ಸು ಪಾಡಲ್ಲೇನು?"

ಹಳೆಯ ಧ್ವನಿಯೇ. ಅದೇ ಕುಹಕ. ಅನ್ನುವುದನ್ನು ಅಂದು, ಹುಬ್ಬು ಏರಿಸಿ, ಕಿಟಕಿಯ ಬದಿಗೆ ಮುಖ ಮಾಡಿ ಕಾದ. ಅಲ್ಲಿ ನಾನಿದ್ದೆ. ಏನಾದರೂ ಅನ್ನಬೇಕೆಂದು ಬಾಯಿ ತೆರೆದೆ. ನಲವತ್ತು ವರ್ಷ ಇವರ ನಡುವೆ ಬೆಳೆದವಳಿಗೆ ಒಂದು ಮಾತೂ ಹೊಳೆಯಲಿಲ್ಲ. ರೈಲು ಇನ್ನೆರಡು ಸುತ್ತು ಸುತ್ತಿತು. ಅಪ್ಪ ಹುಬ್ಬು ಇಳಿಸಿ ರೈಲು ನೋಡಿದ.

ಈಗ ಅಪ್ಪ ಮಾತಾಡುತ್ತಾನೆ. ದಿನಾ ಸಂಜೆ ಏನಾದರೊಂದು ಅನ್ನುತ್ತಾನೆ. ಅದಕ್ಕೆ ತಿರುಗಿ ಅನ್ನುವವರು ಮನೆಯಲ್ಲಿ ಇಲ್ಲ.